ಮಾರುಕಟ್ಟೆ ದರವೆಂಬ ಟೆಂಡರ್ ದರ

"ಗುಡಿಸೋರಿಗೆ ತಿಂಗಳಿಗೆ ಮೂವತ್ತೊಂಬತ್ತು ಸಾವಿರವಂತೆ!" 2025ರ ಮೇ ಮೊದಲ ವಾರ ಬೆಂಗಳೂರಿನ ದರ್ಶಿನಿಗಳಲ್ಲಿ, ಬೆಳಗಿನ ವಾಕಿಂಗ್ ಗುಂಪುಗಳಲ್ಲಿ, ಅಪಾರ್ಟ್‌ಮೆಂಟ್‌ಗಳ ವಾಟ್ಸ್‌ಆ್ಯಪ್‌ನಲ್ಲಿ ಓಡಾಡಿದ ಮಾತು ಇದು. ಕಾರ್ಮಿಕ ದಿನದಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಬಿಬಿಎಂಪಿಯ 12,692 ಪೌರಕಾರ್ಮಿಕರಿಗೆ ಕಾಯಂ ನೇಮಕಾತಿ ಪತ್ರ ಕೊಟ್ಟಿದ್ದರು. ಸಂಬಳ 39,000 ರೂಪಾಯಿ ಆಸುಪಾಸು ಆಗುತ್ತದೆ ಎಂದು ಪತ್ರಿಕೆಗಳಲ್ಲಿ ಬಂತು. ಅದಕ್ಕೆ ಮುಂಚೆ ಅವರ ಕೈಗೆ ಬರುತ್ತಿದ್ದುದು ಅದರ ಅರ್ಧಕ್ಕೂ ಕಡಿಮೆ ಎಂಬುದು ಮಾತ್ರ ಯಾರಿಗೂ ಹುಬ್ಬೇರಿಸುವ ಸುದ್ದಿ ಅನ್ನಿಸಲಿಲ್ಲ. "ನಮ್ಮ ಹುಡುಗ ಬಿ.ಇ. ಮಾಡಿ ಇಪ್ಪತ್ತೆಂಟು ಸಾವಿರಕ್ಕೆ ದುಡೀತಾನೆ" ಎಂಬ ಎರಡನೆಯ ವಾಕ್ಯ ಮೊದಲನೆಯದರ ಬೆನ್ನಿಗೇ ಬರುತ್ತಿತ್ತು.

ಇದನ್ನು ಹೊಟ್ಟೆಕಿಚ್ಚು ಎಂದು ಕರೆದು ಸುಮ್ಮನಾಗಬಹುದು. ಆದರೆ ಈ ಮಾತಿನ ಹಿಂದೆ ಓದಿದವರ, ಆಡಳಿತ ಬಲ್ಲವರ, ಸಂಪಾದಕೀಯ ಬರೆಯುವವರ ಒಂದು ಗಟ್ಟಿ ವಾದ ನಿಂತಿದೆ. ಅದು ಹೀಗೆ ಸಾಗುತ್ತದೆ: ಪಾಲಿಕೆಯ ಹಣ ತೆರಿಗೆದಾರರ ಹಣ. ಒಂದು ಕೆಲಸಕ್ಕೆ ಹೊರಗೆ ಎಷ್ಟು ಸಿಗುತ್ತದೋ ಪಾಲಿಕೆಯೂ ಅಷ್ಟೇ ಕೊಡಬೇಕು. ಅದೇ ನ್ಯಾಯ, ಅದೇ ಸ್ಪರ್ಧಾತ್ಮಕ ವೇತನ. ನಮ್ಮಲ್ಲಿ ಆಗುತ್ತಿರುವುದು ತಿರುವುಮುರುವು. ಕೆಳಗಿನ ಹಂತದಲ್ಲಿ ಸರ್ಕಾರ ಹೊರಗಿನದಕ್ಕಿಂತ ಹೆಚ್ಚು ಕೊಡುತ್ತದೆ, ಮೇಲಿನ ಹಂತದಲ್ಲಿ ಕಡಿಮೆ. ಹಾಗಾಗಿ ಗುಡಿಸುವುದು, ಸಾಗಿಸುವುದು, ಕಾಯುವುದು, ಟೈಪಿಸುವುದು ಎಲ್ಲವನ್ನೂ ಹೊರಗುತ್ತಿಗೆಗೆ ಬಿಡಿ, ತಲೆಯ ಕೆಲಸಕ್ಕೆ ಕನ್ಸಲ್ಟೆಂಟ್‌ಗಳನ್ನು ತನ್ನಿ, ಪಾಲಿಕೆ ಹಗುರವಾಗಲಿ. ಪಕ್ಷಭೇದವಿಲ್ಲದೆ ಮೂರು ದಶಕಗಳಿಂದ ನಮ್ಮ ನಗರಗಳನ್ನು ಆಳುತ್ತಿರುವ ಸಿದ್ಧಾಂತ ಇದೇ.

ವಾದಕ್ಕೆ ಆಧಾರವೂ ಇದೆ. ಕೇಂದ್ರದ ಏಳನೇ ವೇತನ ಆಯೋಗ 2015ರ ತನ್ನ ವರದಿಯಲ್ಲಿ ಅಹಮದಾಬಾದಿನ ಐಐಎಂ ನಡೆಸಿದ ಹೋಲಿಕೆಯೊಂದನ್ನು ಉಲ್ಲೇಖಿಸಿತ್ತು. ಸರ್ಕಾರದ ತೀರ ಕೆಳಗಿನ ಸಹಾಯಕನಿಗೆ ಎಲ್ಲ ಸೇರಿ ತಿಂಗಳಿಗೆ 22,579 ರೂಪಾಯಿ. ಸಮೀಕ್ಷೆಗೆ ಸಿಕ್ಕ ಖಾಸಗಿ ಸಂಸ್ಥೆಗಳಲ್ಲಿ ಅದೇ ಕೆಲಸಕ್ಕೆ 8,000ದಿಂದ 9,500. ಎರಡು ಪಟ್ಟಿಗೂ ಹೆಚ್ಚು. ಸರ್ಕಾರಿ ಸಂಬಳದ ಬಗ್ಗೆ ಚರ್ಚೆಯಾದಾಗಲೆಲ್ಲ ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು, ನೋಡಿ ಎನ್ನುತ್ತಾರೆ.

ನೋಡೋಣ. 2015ರಲ್ಲಿ ಎಂಟು ಸಾವಿರ ರೂಪಾಯಿಯಲ್ಲಿ ಭಾರತದ ಯಾವ ನಗರದಲ್ಲಿ ಗಂಡ, ಹೆಂಡತಿ, ಇಬ್ಬರು ಮಕ್ಕಳು ತಿಂಗಳು ದೂಡಬಹುದಿತ್ತು? ಆ ಆಯೋಗವೇ ಕನಿಷ್ಠ ವೇತನ ಲೆಕ್ಕ ಹಾಕಲು ಹಿಡಿದದ್ದು 1957ರ ಹದಿನೈದನೇ ಭಾರತೀಯ ಕಾರ್ಮಿಕ ಸಮ್ಮೇಳನದ ಸೂತ್ರವನ್ನು. ವಯಸ್ಕನೊಬ್ಬನಿಗೆ ದಿನಕ್ಕೆ 2,700 ಕ್ಯಾಲೊರಿಯ ಊಟ, ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಬಾಡಿಗೆ, ಉರುವಲು, ದೀಪ. ಮಕ್ಕಳ ಓದು, ಔಷಧ, ಹಬ್ಬ, ಮುಪ್ಪು ಎಂಬುವೂ ಇವೆ ಎಂದು ಸುಪ್ರೀಂ ಕೋರ್ಟ್ 1991ರ ರಾಪ್ಟಕೋಸ್ ಬ್ರೆಟ್ ತೀರ್ಪಿನಲ್ಲಿ ಇನ್ನೊಂದು ಕಾಲು ಭಾಗ ಸೇರಿಸಿತ್ತು. ಹೊಟ್ಟೆ ಬಟ್ಟೆಯ ಈ ಪಟ್ಟಿಯಲ್ಲಿ ವಯಸ್ಸಾದ ಅಪ್ಪ ಅಮ್ಮ ಇಲ್ಲ. ಹೆಂಡತಿಯ ಊಟವನ್ನು ಗಂಡನ ಊಟದ ಐದರಲ್ಲಿ ನಾಲ್ಕು ಭಾಗ ಎಂದು ಹಿಡಿಯಲಾಗಿದೆ. ಇಷ್ಟು ಬಿಗಿ ಮಾಡಿದ ಮೇಲೂ ಬಂದ ಮೊತ್ತ 18,000 ರೂಪಾಯಿ. ಅಂದ ಮೇಲೆ ಖಾಸಗಿಯವರ ಎಂಟು ಸಾವಿರದಿಂದ ಸರ್ಕಾರ ಹೆಚ್ಚು ಕೊಡುತ್ತದೆ ಎಂದು ರುಜುವಾಗುವುದಿಲ್ಲ. ಖಾಸಗಿಯವರು ಅರ್ಧ ಹೊಟ್ಟೆಗೆ ಕೊಡುತ್ತಿದ್ದಾರೆ ಎಂಬುದು ರುಜುವಾಗುತ್ತದೆ. ಹೋಲಿಕೆಯ ತಕ್ಕಡಿಯನ್ನು ತಿರುಗಿಸಿ ಓದಬೇಕಿತ್ತು, ಯಾರೂ ಓದಲಿಲ್ಲ.

ಈಗ ಕರ್ನಾಟಕಕ್ಕೆ ಬನ್ನಿ. ಮಾಜಿ ಮುಖ್ಯ ಕಾರ್ಯದರ್ಶಿ ಕೆ. ಸುಧಾಕರ ರಾವ್ ಅಧ್ಯಕ್ಷತೆಯ ರಾಜ್ಯದ ಏಳನೇ ವೇತನ ಆಯೋಗ ಕನಿಷ್ಠ ಮೂಲವೇತನವನ್ನು 17,000ದಿಂದ 27,000ಕ್ಕೆ ಏರಿಸಲು ಹೇಳಿತು; 2024ರ ಆಗಸ್ಟ್ 1ರಿಂದ ಜಾರಿಗೆ ಬಂತು. ಕೇಂದ್ರದ ನೌಕರರಿಗೆ ಆ ವರ್ಷದ ಜನವರಿಯಲ್ಲಿ ತುಟ್ಟಿಭತ್ಯೆ ಶೇ 50 ಆಗಿತ್ತು. ಹದಿನೆಂಟು ಸಾವಿರಕ್ಕೆ ಅದರ ಅರ್ಧ ಸೇರಿಸಿ ನೋಡಿ: ಇಪ್ಪತ್ತೇಳು ಸಾವಿರ. ಅಂದರೆ ಬೆಂಗಳೂರನ್ನು ಬೆಚ್ಚಿಬೀಳಿಸಿದ ಸಂಬಳದ ಬುಡದಲ್ಲಿರುವುದು ಸುಮಾರು 2016ರ ಅದೇ ಊಟ, ಅದೇ ಬಟ್ಟೆ, 2024ರ ಬೆಲೆಯಲ್ಲಿ. ಬೆಂಗಳೂರಿನ ಮನೆ ಬಾಡಿಗೆ ಭತ್ಯೆ ಮೂಲವೇತನದ ಶೇ 20. 27,000ಕ್ಕೆ 5,400 ರೂಪಾಯಿ. ಆ ಬಾಡಿಗೆಗೆ ನಗರದೊಳಗೆ ಎರಡು ಕೋಣೆಯ ಮನೆ ತೋರಿಸುವ ಬ್ರೋಕರ್ ಯಾರಾದರೂ ಇದ್ದರೆ ಅವರ ನಂಬರನ್ನು ಪೌರಕಾರ್ಮಿಕರ ಸಂಘಕ್ಕೆ ಕೊಡಿ, ಪುಣ್ಯ ಬರುತ್ತದೆ.

ಇನ್ನು ಆ ಬಿ.ಇ. ಹುಡುಗ. ದೊಡ್ಡ ಐಟಿ ಕಂಪನಿಗಳು ಹೊಸಬರಿಗೆ ಕೊಡುವ ವರ್ಷಕ್ಕೆ ಮೂರೂವರೆ ಲಕ್ಷದ ಪ್ಯಾಕೇಜು ಹತ್ತು ವರ್ಷಕ್ಕೂ ಮೇಲಿನಿಂದ ಹೆಚ್ಚುಕಡಿಮೆ ಅಲ್ಲೇ ನಿಂತಿದೆ. ಬಾಡಿಗೆ ನಿಂತಿಲ್ಲ, ಕಾಲೇಜು ಫೀಸು ನಿಂತಿಲ್ಲ, ಆ ಕಂಪನಿಗಳ ಲಾಭವೂ ನಿಂತಿಲ್ಲ. ಅವನ ಸಂಬಳ ಕಡಿಮೆ ಇರುವುದಕ್ಕೆ ಕಾರಣ ಬೆಳಿಗ್ಗೆ ಆರಕ್ಕೆ ಅವನ ಬೀದಿ ಗುಡಿಸುವ ಹೆಂಗಸೇ? ಅವನ ತಂದೆಯ ಸಿಟ್ಟು ನ್ಯಾಯವಾದದ್ದೇ, ವಿಳಾಸ ಮಾತ್ರ ತಪ್ಪಿದೆ. ಎಲೆಕ್ಟ್ರಾನಿಕ್ಸ್ ಸಿಟಿಗೆ ಹೋಗಬೇಕಾದದ್ದು ಪೌರಕಾರ್ಮಿಕರು ಹಾಜರಿ ಹಾಕುವ ಮಸ್ಟರಿಂಗ್ ಕೇಂದ್ರಕ್ಕೆ ಬಂದಿದೆ.

ಇವೆಲ್ಲ ಪಕ್ಕದ ಮಾತು. ಮಾರುಕಟ್ಟೆ ವಾದದ ನಿಜವಾದ ಸುಳ್ಳು ಬೇರೆ ಕಡೆ ಇದೆ. ಬೀದಿ ಗುಡಿಸುವ ಕೆಲಸಕ್ಕೆ ಮಾರುಕಟ್ಟೆಯೇ ಇಲ್ಲ.

ಯೋಚಿಸಿ. ಬೆಂಗಳೂರಿನ ಸಾರ್ವಜನಿಕ ಬೀದಿಯನ್ನು ಗುಡಿಸಲು ದುಡ್ಡು ಕೊಟ್ಟು ಆಳು ಇಟ್ಟುಕೊಳ್ಳುವವರು ಯಾರು? ಪಾಲಿಕೆ ಒಂದೇ. ಕೊಳ್ಳುವವನು ಒಬ್ಬನೇ ಆದಾಗ ಬೆಲೆ ಕಟ್ಟುವವನೂ ಅವನೇ. ಪಾಲಿಕೆ ಗುತ್ತಿಗೆದಾರನನ್ನು ನಡುವೆ ತಂದಿತು. ಗುತ್ತಿಗೆದಾರ ಕೊಟ್ಟಷ್ಟನ್ನು ಮಾರುಕಟ್ಟೆ ದರ ಎಂದು ಕರೆಯಿತು. ಆಮೇಲೆ ಕಾಯಂ ನೌಕರನ ಸಂಬಳವನ್ನು ಆ ದರಕ್ಕೆ ಹೋಲಿಸಿ ಅಯ್ಯೋ ದುಬಾರಿ ಎಂದಿತು. ತನ್ನ ನೆರಳಿನ ಜೊತೆ ತಾನೇ ಎತ್ತರ ಅಳೆದುಕೊಂಡ ಹಾಗಾಯಿತು ಇದು.

ಆ ದರ ಹುಟ್ಟುವ ಬಗೆ ಟೆಂಡರ್ ಕಂಡವರಿಗೆ ಗೊತ್ತು. 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯ ಪ್ರಕಾರ ಅರ್ಹರ ಪೈಕಿ ಕಡಿಮೆ ದರ ನಮೂದಿಸಿದವನಿಗೆ, ಆಫೀಸಿನ ಭಾಷೆಯಲ್ಲಿ ಎಲ್-1ಗೆ, ಕೆಲಸ. ಕಸದ ಗುತ್ತಿಗೆಯ ಖರ್ಚು ಏನೇನು? ಗಾಡಿಯ ಕಂತು, ಡೀಸೆಲ್, ಟಯರು, ಕೂಲಿ. ಡೀಸೆಲ್ ಬಂಕಿನಲ್ಲಿ ಎಲ್ಲರಿಗೂ ಒಂದೇ ರೇಟು. ಬ್ಯಾಂಕು ಕಂತು ಬಿಡುವುದಿಲ್ಲ. ಪಕ್ಕದವನಿಗಿಂತ ಕಡಿಮೆ ಬರೆಯಬೇಕೆಂದರೆ ಕತ್ತರಿ ಬೀಳುವ ಜಾಗ ಒಂದೇ ಉಳಿಯುತ್ತದೆ. ಸರ್ಕಾರದ ಕನಿಷ್ಠ ಕೂಲಿಯ ಅಧಿಸೂಚನೆ ಇದೆಯಲ್ಲ ಎನ್ನಬಹುದು. ಇದೆ, ಕಡತದಲ್ಲಿ ಅದರಂತೆಯೇ ಲೆಕ್ಕವೂ ಇರುತ್ತಿತ್ತು. ಪಿಎಫ್ ಕಡಿತವಾಗಿ ಖಾತೆಗೆ ಜಮೆಯಾಗದ ದೂರುಗಳು, ಇಎಸ್‌ಐ ಕಾರ್ಡೇ ಕಾಣದ ವರ್ಷಗಳು, ರಜೆ ಹಾಕಿದರೆ ಎರಡು ದಿನದ ಕೂಲಿ ಹಿಡಿಯುವ ಮೇಸ್ತ್ರಿ, ಮೂರು ತಿಂಗಳು ತಡವಾಗಿ ಬರುವ ಸಂಬಳ. ಗುತ್ತಿಗೆ ಕಾಲದ ಪೌರಕಾರ್ಮಿಕರ ಬಾಯಲ್ಲಿ ಈ ಕತೆ ಕೇಳದ ಕಾರ್ಮಿಕ ವಕೀಲರು ಬೆಂಗಳೂರಿನಲ್ಲಿ ಇರಲಾರರು. ಬಯೋಮೆಟ್ರಿಕ್ ಹಾಜರಿ ಬಂದಾಗ ಕಡತದಲ್ಲಿದ್ದ ಸಾವಿರಗಟ್ಟಲೆ ತಲೆಗಳು ಬೀದಿಯಲ್ಲಿ ಸಿಗಲಿಲ್ಲ. ಇಲ್ಲದವರ ಕೂಲಿಯನ್ನೂ ಪಾಲಿಕೆ ಕಟ್ಟುತ್ತಿತ್ತು ಎಂದಾಯಿತು. ಅಗ್ಗ ಎಂದು ಹೊಗಳಿಸಿಕೊಂಡ ವ್ಯವಸ್ಥೆಯ ನಿಜವಾದ ಖರ್ಚನ್ನು ಅದರ ವಕೀಲರು ಯಾವತ್ತೂ ಕೂಡಿ ತೋರಿಸಿಲ್ಲ.

ಮಾರುಕಟ್ಟೆ ಎನ್ನಬೇಕಾದರೆ ಮಾರುವವನಿಗೂ ಬೇಡ ಎನ್ನುವ ಸ್ವಾತಂತ್ರ್ಯ ಬೇಕು. ಪೌರಕಾರ್ಮಿಕರಲ್ಲಿ ಬಹುಪಾಲು ದಲಿತರು, ಅವರಲ್ಲೂ ಹೆಚ್ಚಿನವರು ಹೆಂಗಸರು. ಅಜ್ಜಿಯ ಪೊರಕೆ ಮೊಮ್ಮಗಳಿಗೆ ಬಂದ ಮನೆಗಳು ಎಷ್ಟೋ. ಬೇರೆ ಕೆಲಸ ಕೇಳಿ ಹೋದರೆ ಅಡುಗೆಮನೆಯ ಬಾಗಿಲಲ್ಲೇ ಜಾತಿ ವಿಚಾರಿಸುವ ಊರಿದು. ಕೇಳುವ ರೀತಿ ನಯವಾಗಿರಬಹುದು, ಅಷ್ಟೇ. ಇಂಥವರು ಕಡಿಮೆ ಕೂಲಿಗೆ ಒಪ್ಪಿಕೊಂಡದ್ದನ್ನು ಬೇಡಿಕೆ ಮತ್ತು ಪೂರೈಕೆಯ ಫಲ ಎಂದು ಬಣ್ಣಿಸುವುದು ಅರ್ಥಶಾಸ್ತ್ರವಲ್ಲ. ಜಾತಿ ಕಟ್ಟಿದ ಬೆಲೆಯನ್ನು ಎಕ್ಸೆಲ್ ಹಾಳೆಗೆ ಇಳಿಸಿದ್ದು ಅದು. ಏಷ್ಯಾಡ್ ಕಾಮಗಾರಿಯ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿತು: ಬೇರೆ ದಾರಿಯಿಲ್ಲದ ಬಡವ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿದರೆ ಅದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ, ಬಡತನವೂ ಒಂದು ಬಲವಂತವೇ. ನಲವತ್ತು ವರ್ಷ ದಾಟಿತು, ನಮ್ಮ ಟೆಂಡರ್ ವಿಭಾಗಕ್ಕೆ ಆ ತೀರ್ಪು ಇನ್ನೂ ತಲುಪಿಲ್ಲ.

ಸರದಿಯ ಉದ್ದವನ್ನು ತೋರಿಸುವವರೂ ಇದ್ದಾರೆ. ಒಂದು ಹುದ್ದೆಗೆ ಹತ್ತಾರು ಮಂದಿ ಅರ್ಜಿ ಹಾಕುತ್ತಾರೆಂದರೆ ಸಂಬಳ ಅಗತ್ಯಕ್ಕಿಂತ ಹೆಚ್ಚಿದೆ ಎಂದೇ ಅರ್ಥವಲ್ಲವೇ ಎಂದು ಅವರ ಪ್ರಶ್ನೆ. 2019ರಲ್ಲಿ ಕೊಯಮತ್ತೂರು ಪಾಲಿಕೆ 549 ಸ್ವಚ್ಛತಾ ಕಾರ್ಮಿಕರ ಹುದ್ದೆಗೆ ಅರ್ಜಿ ಕರೆದಾಗ ಬಂದವರು ಏಳು ಸಾವಿರದಷ್ಟು, ಇಂಜಿನಿಯರುಗಳೂ ಪದವೀಧರರೂ ಅದರಲ್ಲಿದ್ದರು. ಆ ಹುದ್ದೆಯ ಆರಂಭದ ಸಂಬಳ ಎಷ್ಟಿತ್ತು ಗೊತ್ತೆ? 15,700 ರೂಪಾಯಿ. ಹದಿನೈದು ಸಾವಿರಕ್ಕೆ ಇಂಜಿನಿಯರು ಪೊರಕೆ ಹಿಡಿಯಲು ಸಾಲು ನಿಂತರೆ ಆ ಸಾಲು ಪಾಲಿಕೆಯ ಔದಾರ್ಯವನ್ನು ತೋರಿಸುವುದಿಲ್ಲ, ಕೊಯಮತ್ತೂರಿನ ಕಾರ್ಖಾನೆಗಳ ಗೇಟಿನಾಚೆ ಏನಿಲ್ಲವೆಂಬುದನ್ನು ತೋರಿಸುತ್ತದೆ. ಹಸಿದವರ ಸಾಲು ಉದ್ದವಿದೆ ಎಂದು ಊಟದ ಅಳತೆ ಇಳಿಸುವ ತರ್ಕವನ್ನು ಅನ್ನಛತ್ರದವರೂ ಒಪ್ಪಲಾರರು.

ಇನ್ನು ಮೇಲಿನ ಹಂತ. ಇಲ್ಲಿ ತಮಾಷೆ ಶುರುವಾಗುತ್ತದೆ.

ನಗರದ ರಾಜಕಾಲುವೆಯ ಜಲಲೆಕ್ಕ ಬಲ್ಲ ಇಂಜಿನಿಯರು, ಸೇತುವೆಯ ವಿನ್ಯಾಸಕಾರ, ನಗರ ಯೋಜಕ, ಆಸ್ತಿ ತೆರಿಗೆಯ ದತ್ತಾಂಶ ಜಾಲಾಡಬಲ್ಲ ಕಂಪ್ಯೂಟರ್ ತಜ್ಞ ಇವರಿಗೆ ನಿಜವಾದ ಮಾರುಕಟ್ಟೆಯಿದೆ. ಹತ್ತು ಕಂಪನಿಗಳು ಕರೆಯುತ್ತವೆ, ದುಬೈ ಕರೆಯುತ್ತದೆ. ಮಾರುಕಟ್ಟೆ ದರ ಎಂಬ ಮಾತಿಗೆ ಅರ್ಥವಿರುವುದು ಇಲ್ಲಿ. ಇಲ್ಲೇ ನಮ್ಮ ಮಾರುಕಟ್ಟೆವಾದಿಗಳು ಮೌನ! ಪಾಲಿಕೆಯ ಇಂಜಿನಿಯರನ ಸಂಬಳ ನಿಗದಿಯಾಗುವುದು ರಾಜ್ಯ ಸರ್ಕಾರದ ಶ್ರೇಣಿಯ ಪಟ್ಟಿಯಿಂದ. ಅನೇಕರು ಲೋಕೋಪಯೋಗಿಯಂಥ ಇಲಾಖೆಗಳಿಂದ ನಿಯೋಜನೆಯ ಮೇಲೆ ಬಂದವರು. ಒಂದು ಮಳೆಗಾಲ ನೋಡಿ ಕಾಲುವೆಯ ಗುಣ ತಿಳಿಯುವ ಹೊತ್ತಿಗೆ ವರ್ಗಾವಣೆ. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಕಂಪನಿಗಳ ನೌಕರರು ಟ್ರ್ಯಾಕ್ಟರ್ ಏರಿ ಆಫೀಸಿಗೆ ಹೋದರಲ್ಲ, ಆ ವಾರ ಊರಿಗೆ ಬೇಕಾಗಿದ್ದುದು ಇಪ್ಪತ್ತು ವರ್ಷ ಅದೇ ಕಣಿವೆಯ ನೀರು ನೋಡಿದ ನಾಲ್ಕು ಜನ ಇಂಜಿನಿಯರು. ಅಂಥವರನ್ನು ಉಳಿಸಿಕೊಳ್ಳುವ ಸಂಬಳವನ್ನೂ ನಾವು ಕೊಡುವುದಿಲ್ಲ, ಹುದ್ದೆಯನ್ನೂ ಕೊಡುವುದಿಲ್ಲ.

ಬದಲಿಗೆ ಕನ್ಸಲ್ಟೆಂಟ್. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗಿನ ಸುರಂಗ ರಸ್ತೆಯ ಸಮಗ್ರ ಯೋಜನಾ ವರದಿಯನ್ನು ಖಾಸಗಿ ಸಂಸ್ಥೆಯೊಂದು ಕೋಟಿಗಳ ಲೆಕ್ಕದಲ್ಲಿ ಹಣ ಪಡೆದು ಬರೆಯಿತು. ಅದರಲ್ಲಿ ಮಾಲೇಗಾಂವ್, ನಾಸಿಕ್ ಹೆಸರುಗಳು ನುಸುಳಿದ್ದನ್ನು ಪತ್ರಿಕೆಗಳು ಹೊರಗೆಳೆದವು. ಮಹಾರಾಷ್ಟ್ರದ ಊರುಗಳು ಬೆಂಗಳೂರಿನ ಮಣ್ಣಿನಡಿಗೆ ಹೇಗೆ ಬಂದವೋ. ತಿಂಗಳ ಸಂಬಳದ ನಗರ ಇಂಜಿನಿಯರನೊಬ್ಬ ಹೀಗೆ ಮಾಡಿದ್ದರೆ ಅಮಾನತು, ಇಲಾಖಾ ವಿಚಾರಣೆ, ಪಿಂಚಣಿಗೆ ಕೊಕ್ಕೆ. ಹಾಗಿದ್ದೂ ದುಬಾರಿ ಎನ್ನಿಸಿಕೊಳ್ಳುವವನು ಅವನೇ.

ಹೀಗೆ ಮಾರುಕಟ್ಟೆ ಇಲ್ಲದ ಕಡೆ ಮಾರುಕಟ್ಟೆ ದರ, ಮಾರುಕಟ್ಟೆ ಇರುವ ಕಡೆ ಸರ್ಕಾರಿ ಶ್ರೇಣಿ. ಎರಡೂ ಕಡೆ ತಪ್ಪು ಅಳತೆಗೋಲು, ಎರಡೂ ಕಡೆ ಲಾಭ ನಡುವಿನವನಿಗೆ. ಕೆಳಗೆ ಗುತ್ತಿಗೆದಾರ, ಮೇಲೆ ಕನ್ಸಲ್ಟೆಂಟ್. ಇದನ್ನು ಆರ್ಥಿಕ ಶಿಸ್ತು ಎನ್ನುತ್ತಾರೆ.

ಹಣ ಎಲ್ಲಿಂದ ತರುತ್ತೀರಿ ಎಂಬ ಪ್ರಶ್ನೆಗೆ ಉತ್ತರ ಕೊಡದೆ ಓಡುವ ಹಾಗಿಲ್ಲ. ಕೂಡೋಣ. 12,692 ಜನರಿಗೆ ತಿಂಗಳಿಗೆ ತಲಾ ಹತ್ತು ಸಾವಿರ ಹೆಚ್ಚು ಕೊಟ್ಟರೆ ವರ್ಷಕ್ಕೆ ಸುಮಾರು 152 ಕೋಟಿ. ಬಿಬಿಎಂಪಿಯ 2025-26ರ ಬಜೆಟ್ ಸುಮಾರು 19,900 ಕೋಟಿ. ನೂರಕ್ಕೆ ಒಂದು ರೂಪಾಯಿಯೂ ಆಗಲಿಲ್ಲ. ಇಪ್ಪತ್ತು ಸಾವಿರ ಹೆಚ್ಚಿಸಿದರೂ ನೂರಕ್ಕೆ ಒಂದೂವರೆ. ಸುರಂಗ ರಸ್ತೆ ಸುಮಾರು 17 ಕಿಲೋಮೀಟರ್, ಅಂದಾಜು ವೆಚ್ಚ 17,000 ಕೋಟಿಗೂ ಮೇಲೆ. ಕಿಲೋಮೀಟರಿಗೆ ಸಾವಿರ ಕೋಟಿ. ಅಷ್ಟೂ ಪೌರಕಾರ್ಮಿಕರಿಗೆ ಒಂದು ವರ್ಷ ಹತ್ತು ಸಾವಿರ ಏರಿಸುವ ಖರ್ಚು ಸುರಂಗದ ನೂರೈವತ್ತು ಮೀಟರು. ಸುರಂಗ ಒಮ್ಮೆ ಕಟ್ಟಿದರೆ ಮುಗಿಯಿತು, ಸಂಬಳ ವರ್ಷವರ್ಷವೂ ಬರುವ ಬಾಬ್ತು ಎಂದು ಲೆಕ್ಕ ಬಲ್ಲವರು ಆಕ್ಷೇಪಿಸುತ್ತಾರೆ. ಒಪ್ಪಿದೆ. ಆದರೆ ಸುರಂಗದ ಸಾಲಕ್ಕೆ ಬಡ್ಡಿಯೂ ವರ್ಷವರ್ಷ ಬರುವ ಬಾಬ್ತೇ, ಅದರ ಫ್ಯಾನು, ಪಂಪು, ದೀಪ, ದುರಸ್ತಿಯೂ ಅಷ್ಟೇ. ಸಂಬಳ ಮಾತ್ರ ಹೊರೆ, ಬಡ್ಡಿ ಅಭಿವೃದ್ಧಿ ಎಂಬ ಲೆಕ್ಕಶಾಸ್ತ್ರವನ್ನು ಯಾರು ಕಲಿಸಿದರೋ ತಿಳಿಯದು.

ಇನ್ನು ಕಾಯಂ ಆದವರು ಕೆಲಸ ಮಾಡುವುದಿಲ್ಲ ಎಂಬ ಮಾತು. ಹಾಜರಿ ಹಾಕಿ ಮನೆಗೆ ಹೋಗುವವರು, ತಮ್ಮ ಬದಲು ಕಡಿಮೆ ಕೂಲಿಗೆ ಇನ್ನೊಬ್ಬರನ್ನು ಕಳಿಸುವವರು ಇದ್ದಾರೆ ಎಂಬ ದೂರನ್ನು ಸುಳ್ಳೆನ್ನಲು ನಾನು ಹೋಗುವುದಿಲ್ಲ. ಆದರೆ ಅದು ಹಾಜರಿ ನೋಡುವವನ ವೈಫಲ್ಯ. ಸಂಬಳ ಕಡಿಮೆ ಇದ್ದಾಗ ಶಿಸ್ತು ಹೆಚ್ಚಿತ್ತು ಎಂಬುದಕ್ಕೆ ಗುತ್ತಿಗೆ ಕಾಲದ ಆ ಕಾಗದದ ತಲೆಗಳೇ ಸಾಕ್ಷಿಯೇ? ತಮ್ಮ ಬೀದಿಯ ಪೌರಕಾರ್ಮಿಕಳ ಹೆಸರು ಕೇಳಿ ಇಟ್ಟುಕೊಂಡ ಬಡಾವಣೆಗಳಲ್ಲಿ ಬದಲಿ ಆಳು ನಡೆಯುವುದಿಲ್ಲ. ಇಂಥ ಉಸ್ತುವಾರಿಗೆ ಖರ್ಚಿಲ್ಲ. ಅಂದ ಹಾಗೆ ಈ ಆರೋಪ ಯಾವಾಗಲೂ ಪೊರಕೆ ಹಿಡಿದವರ ಮೇಲೇ ಏಕೆ ಬರುತ್ತದೆ? ಮಧ್ಯಾಹ್ನದ ಮೇಲೆ ಖಾಲಿ ಕಾಣುವ ವಿಭಾಗೀಯ ಕಚೇರಿಯ ಕುರ್ಚಿಗಳನ್ನು ಹೊರಗುತ್ತಿಗೆಗೆ ಕೊಡಿ ಎಂದು ಯಾವ ಸಂಪಾದಕೀಯವೂ ಬರೆದಿಲ್ಲ.

ನ್ಯಾಯಾಲಯಗಳ ಮಾತು ಇಲ್ಲಿ ಬರಲೇಬೇಕು, ಏಕೆಂದರೆ ಈ ಜಗಳದ ಮುಖ್ಯ ತೀರ್ಪುಗಳು ಕರ್ನಾಟಕದ ಮಣ್ಣಿನವು. 1990ರಲ್ಲಿ ಧಾರವಾಡ ಜಿಲ್ಲೆಯ ಲೋಕೋಪಯೋಗಿ ದಿನಗೂಲಿ ನೌಕರರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ದಿನಗೂಲಿಗಳನ್ನು ಹಂತಹಂತವಾಗಿ ಕಾಯಂ ಮಾಡುವ ದಾರಿ ತೆರೆಯಿತು. 2006ರಲ್ಲಿ ಉಮಾದೇವಿ ಪ್ರಕರಣದಲ್ಲಿ, ಅದೂ ನಮ್ಮದೇ ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿಗಳದು, ಸಂವಿಧಾನ ಪೀಠ ಆ ದಾರಿಗೆ ಗೇಟು ಹಾಕಿತು: ನಿಯಮದಂತೆ ನೇಮಕವಾಗದವರಿಗೆ ಕಾಯಂ ಹಕ್ಕಿಲ್ಲ. ಹಿಂಬಾಗಿಲ ನೇಮಕ ತಡೆಯಲು ಬಂದ ತೀರ್ಪು ಅದು. ಮುಂಬಾಗಿಲನ್ನು ಮುಚ್ಚಿಟ್ಟು ಹಿಂಬಾಗಿಲಿನಿಂದ ಬಂದಿರಿ ಎಂದು ದೂರುವ ಆಯುಧವಾಗಿ ಸರ್ಕಾರಗಳು ಅದನ್ನು ಬಳಸಿದವು. 2016ರ ಜಗಜಿತ್ ಸಿಂಗ್ ತೀರ್ಪು, ಕಾಯಂ ಆಗಲಿ ಬಿಡಲಿ, ಅದೇ ಕೆಲಸ ಮಾಡುವ ತಾತ್ಕಾಲಿಕ ನೌಕರನಿಗೆ ಕಾಯಂ ಶ್ರೇಣಿಯ ಕನಿಷ್ಠ ವೇತನ ಕೊಡಲೇಬೇಕು ಎಂದಿತು. 2024ರ ಡಿಸೆಂಬರಿನಲ್ಲಿ ಜಗ್ಗೋ ಪ್ರಕರಣ, 2025ರ ಜನವರಿಯಲ್ಲಿ ಗಾಜಿಯಾಬಾದ್ ನಗರ ನಿಗಮದ ತೋಟಗಾರರ ಪ್ರಕರಣ. ಎರಡರಲ್ಲೂ ಉಮಾದೇವಿಯ ಮರೆಯಲ್ಲಿ ಸರ್ಕಾರಗಳು ಅಡಗುವುದನ್ನು ನ್ಯಾಯಪೀಠ ಝಾಡಿಸಿತು. ವರ್ಷಪೂರ್ತಿ ನಡೆಯುವ ಕೆಲಸವನ್ನು ತಾತ್ಕಾಲಿಕ ಎಂದು ಕರೆಯುವುದು ಸರ್ಕಾರಕ್ಕೆ ಶೋಭೆಯಲ್ಲ ಎಂಬುದು ಅದರ ಸಾರ. ಬೀದಿಯ ಕಸ ತಾತ್ಕಾಲಿಕವೇ?

ಪಾಲಿಕೆಗೆ ಇದು ಹೊಸ ಜ್ಞಾನವೂ ಅಲ್ಲ. ಪೌರಕಾರ್ಮಿಕರ ಸ್ಥಿತಿಗತಿಯ ಮೇಲೆ ಐ.ಪಿ.ಡಿ. ಸಾಲಪ್ಪ ಸಮಿತಿ ವರದಿ ಕೊಟ್ಟದ್ದು 1976ರಲ್ಲಿ. 500 ಜನಸಂಖ್ಯೆಗೆ ಒಬ್ಬ ಪೌರಕಾರ್ಮಿಕ ಎಂದು ಅದು ಹೇಳಿತ್ತು. ಸರ್ಕಾರ ಮುಂದೆ ಇದನ್ನು 700 ಮಾಡಿಕೊಂಡಿತು. ಸಂಬಳವನ್ನು ಮುಟ್ಟದೆ ಪ್ರತಿ ತಲೆಯ ದುಡಿತವನ್ನು ಶೇ 40 ಹೆಚ್ಚಿಸಿದ ಆದೇಶವದು. ವೇತನದ ಚರ್ಚೆಯಲ್ಲಿ ಯಾರೂ ಅದನ್ನು ವೇತನ ಕಡಿತ ಎಂದು ಕರೆಯುವುದಿಲ್ಲ. ಗುತ್ತಿಗೆದಾರನನ್ನು ಬಿಟ್ಟು ಪಾಲಿಕೆಯೇ ಕೂಲಿ ಕೊಡುವ ನೇರ ಪಾವತಿ ಬರಲು 2018 ಆಗಬೇಕಾಯಿತು. ಕಾಯಂ ಮಾಡುವ ಭರವಸೆ ಬರಲು 2022ರ ಜುಲೈಯಲ್ಲಿ ನಾಲ್ಕು ದಿನ ಪೊರಕೆ ಕೆಳಗಿಡಬೇಕಾಯಿತು. ಯಾವ ಅರ್ಥಶಾಸ್ತ್ರಜ್ಞನ ಸ್ಪರ್ಧಾತ್ಮಕ ವೇತನದ ಸೂತ್ರವೂ ಆ ನಾಲ್ಕು ದಿನದಷ್ಟು ಕೆಲಸ ಮಾಡಲಿಲ್ಲ. ನಾಲ್ಕನೇ ದಿನದ ಹೊತ್ತಿಗೆ ಗುಡಿಸುವ ಕೆಲಸದ ಬೆಲೆ ಎಷ್ಟೆಂದು ಮಲ್ಲೇಶ್ವರಕ್ಕೂ ಜಯನಗರಕ್ಕೂ ಮೂಗಿನಿಂದಲೇ ಗೊತ್ತಾಗಿತ್ತು.

ಕಾಯಂ ಪತ್ರ ಹಂಚಿದ ಸರ್ಕಾರಕ್ಕೆ ಪೂರ್ತಿ ಅಂಕ ಕೊಡಲೂ ನಾನು ತಯಾರಿಲ್ಲ. ಅಂದಿನ ಪಟ್ಟಿಯಲ್ಲಿದ್ದವರು ಬೀದಿ ಗುಡಿಸುವವರು. ಮನೆಮನೆಯ ಕಸ ಒಯ್ಯುವ ಆಟೋ ಟಿಪ್ಪರ್ ಚಾಲಕರು, ಸಹಾಯಕರು, ಲೋಡರ್‌ಗಳು ಗುತ್ತಿಗೆಯಲ್ಲೇ ಉಳಿದರು. ಒಂದೇ ಬೀದಿ, ಒಂದೇ ಕಸ. ನೆಲದಿಂದ ಎತ್ತುವವಳು ಸರ್ಕಾರಿ ನೌಕರಳು, ಗೇಟಿನಿಂದ ಎತ್ತುವವನು ಗುತ್ತಿಗೆದಾರನ ಆಳು. ಕೊಳೆತ ಕಸದಲ್ಲಿ ಗಾಜು, ಸೂಜಿ ಚುಚ್ಚಿಸಿಕೊಳ್ಳುವುದರಲ್ಲಿ ಇಬ್ಬರಿಗೂ ಸಮಾನತೆ ಇದೆ. ಅಪಾಯಕ್ಕೆ ಬೆಲೆ ಕಟ್ಟುವ ರೀತಿಯಾದರೂ ನೋಡಿ: 2022-23ರ ರಾಜ್ಯ ಬಜೆಟ್ ಪೌರಕಾರ್ಮಿಕರಿಗೆ ತಿಂಗಳಿಗೆ 2,000 ರೂಪಾಯಿ ಸಂಕಷ್ಟ ಭತ್ಯೆ ಘೋಷಿಸಿತು. ಭತ್ಯೆ ಎಂದರೆ ಮೂಲವೇತನಕ್ಕೆ ಸೇರದ್ದು, ಅದರ ಮೇಲೆ ತುಟ್ಟಿಭತ್ಯೆ ಬೆಳೆಯದ್ದು, ಮುಂದಿನ ಬಜೆಟ್ ಮರೆತರೆ ಮರೆತದ್ದೇ. ಕೆಲಸದ ಕಷ್ಟ ಶಾಶ್ವತ, ಅದರ ಬೆಲೆ ಮಾತ್ರ ಕೃಪೆ.

ಇಷ್ಟಕ್ಕೂ ನಗರದ ನೌಕರರ ಸಂಬಳವನ್ನು ನಗರ ಗೊತ್ತುಮಾಡುವುದೇ ಇಲ್ಲ. 74ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರಲ್ಲಿ. ಹನ್ನೆರಡನೇ ಅನುಸೂಚಿಯ ಪಟ್ಟಿಯಲ್ಲಿ ನಗರ ಯೋಜನೆಯಿಂದ ಸ್ಮಶಾನದವರೆಗೆ ಹದಿನೆಂಟು ಬಾಬ್ತುಗಳಿವೆ. ಆ ಕೆಲಸ ಮಾಡುವವರ ಶ್ರೇಣಿ, ನೇಮಕಾತಿ ನಿಯಮ, ಹುದ್ದೆಗಳ ಸಂಖ್ಯೆ ಎಲ್ಲವೂ ವಿಧಾನಸೌಧದ ಕೈಯಲ್ಲಿ. ಏಳನೇ ವೇತನ ಆಯೋಗದ ಸೌಲಭ್ಯಕ್ಕಾಗಿ ಪಾಲಿಕೆಗಳ ನೌಕರರು 2025ರ ಜುಲೈಯಲ್ಲಿ ಬೀದಿಗಿಳಿದದ್ದು ಈ ಕಾರಣಕ್ಕೇ. ಶ್ರೇಣಿ ಬರೆಯುವವರು ಒಬ್ಬರು, ಹಣ ಹೊಂದಿಸಬೇಕಾದವರು ಇನ್ನೊಬ್ಬರು, ನಡುವೆ ಸಿಕ್ಕಿಕೊಂಡವರು ನೌಕರರು. ಬೆಂಗಳೂರಿನ ಬಾಡಿಗೆಗೂ ಕಲಬುರಗಿಯ ಬಾಡಿಗೆಗೂ ಇರುವ ಅಂತರ, ಕರಾವಳಿಯ ಮಂಗಳೂರಿನ ಮಳೆಗಾಲದ ಚರಂಡಿ ಕೆಲಸಕ್ಕೂ ಬಯಲುಸೀಮೆಯ ಚರಂಡಿ ಕೆಲಸಕ್ಕೂ ಇರುವ ಅಂತರ ಇವನ್ನೆಲ್ಲ ಶೇಕಡಾವಾರು ಬಾಡಿಗೆ ಭತ್ಯೆಯ ಮೂರು ದರ್ಜೆಗಳೊಳಗೆ ತುರುಕಿದ್ದೇವೆ.

2025ರ ಸೆಪ್ಟೆಂಬರಿನಿಂದ ಬಿಬಿಎಂಪಿಯ ಜಾಗದಲ್ಲಿ ಬೆಂಗಳೂರಿಗೆ ಐದು ಪಾಲಿಕೆಗಳು, ಮೇಲೊಂದು ಪ್ರಾಧಿಕಾರ. ಐದೂ ಕಡೆ ಹೊಸ ನಾಮಫಲಕ ಬಂದವು, ಹೊಸ ಆಯುಕ್ತರು ಬಂದರು. ಬಿಟ್ಟರೆ ಪೂರ್ವದ ಪಾಲಿಕೆಯ ಗುತ್ತಿಗೆ ದರಕ್ಕೂ ದಕ್ಷಿಣದ ಪಾಲಿಕೆಯ ಗುತ್ತಿಗೆ ದರಕ್ಕೂ ಪೈಪೋಟಿ ಹಚ್ಚಿ, ಕಡಿಮೆಯದ್ದನ್ನು ತೋರಿಸಿ ಉಳಿದ ನಾಲ್ಕನ್ನು ಬಗ್ಗಿಸುವ ಆಟ ಶುರುವಾಗುವುದಕ್ಕೆ ಹೆಚ್ಚು ಕಾಲ ಬೇಡ. ಅದನ್ನೂ ನಾಳೆ ಸ್ಪರ್ಧೆ ಎಂದೇ ಕರೆಯುತ್ತಾರೆ. ಅದಕ್ಕೆ ಮೊದಲು ಐದೂ ಪಾಲಿಕೆಗಳಿಂದ ಮೂರು ಕಾಗದ ಕೇಳಿ ಪಡೆಯಬೇಕು. ಪ್ರತಿ ಹುದ್ದೆಗೆ ಕಾಯಂ, ನೇರ ಪಾವತಿ, ಹೊರಗುತ್ತಿಗೆ ಎಂದು ವಿಂಗಡಿಸಿ ಕೈಗೆ ಬರುವ ಸಂಬಳದ ಪಟ್ಟಿ. ಪ್ರತಿ ಕಸದ ಗುತ್ತಿಗೆಯಲ್ಲಿ ಕೂಲಿಗೆಂದು ಪಾಲಿಕೆ ಕೊಟ್ಟದ್ದೆಷ್ಟು, ಕಾರ್ಮಿಕರ ಬ್ಯಾಂಕ್ ಖಾತೆಗೆ ಬಿದ್ದದ್ದೆಷ್ಟು ಎಂಬ ಲೆಕ್ಕ. ಕಳೆದ ಐದು ವರ್ಷಗಳಲ್ಲಿ ಕನ್ಸಲ್ಟೆಂಟ್‌ಗಳಿಗೆ ಪಾವತಿಯಾದ ಮೊತ್ತ, ಪಕ್ಕದಲ್ಲಿ ಖಾಲಿ ಬಿದ್ದ ಇಂಜಿನಿಯರ್ ಹುದ್ದೆಗಳ ಸಂಖ್ಯೆ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ. ಗುಡಿಸುವವರ ಸಂಬಳದ ಬಗ್ಗೆ ಇಷ್ಟು ಚಿಂತಿಸುವ ತೆರಿಗೆದಾರರು ಮೊದಲ ಅರ್ಜಿ ಹಾಕಲಿ.